ಮಂಡಿ ಮನೆಯ ಮುಂಗೋಡೆ ಉಳಿಸಿ ಹದಿನಾಲ್ಕು ಅಂತಸ್ತು ಏರಿಸಬಹುದೇ?

ಪ್ರಶ್ನೆ: ದಾವಣಗೆರೆಯ ಹಳೇ ಪೇಟೆಯಲ್ಲಿ ನಮ್ಮ ಮುತ್ತಜ್ಜ ಕಟ್ಟಿಸಿದ ಎರಡು ಅಂತಸ್ತಿನ ಮನೆಯಿದೆ. ಕೆಳಗೆ ಹತ್ತಿ ಮಂಡಿ, ಮೇಲೆ ವಾಸ. ಬೀದಿಯ ಕಡೆ ಗಾರೆಯ ಕಮಾನುಗಳಿವೆ, ನೆತ್ತಿಯಲ್ಲಿ 1938 ಎಂದು ಇಸವಿ ಬರೆದಿದೆ. ಈಗ ನಾವು ಐವರು ಪಾಲುದಾರರು. ಹಿಂಬದಿಯ ಗೋದಾಮಿನ ಜಾಗವನ್ನೂ ಸೇರಿಸಿಕೊಂಡು 14 ಅಂತಸ್ತಿನ ಅಪಾರ್ಟ್‌ಮೆಂಟ್ ಕಟ್ಟುವುದಾಗಿಯೂ ಮುಂಗೋಡೆಯನ್ನು ಇದ್ದ ಹಾಗೇ ಉಳಿಸುವುದಾಗಿಯೂ ಒಬ್ಬ ಬಿಲ್ಡರ್ ಹೇಳುತ್ತಿದ್ದಾರೆ. ನ್ಯೂಯಾರ್ಕಿನ ಒಂದು ಗೋಪುರದ ಚಿತ್ರ ತೋರಿಸುತ್ತಾರೆ. ಇದು ಆಗುವ ಮಾತೇ? ಒಪ್ಪಂದಕ್ಕೆ ಮುನ್ನ ನಾವು ಏನು ಕೇಳಬೇಕು? ಜಾಹೀರಾತಿನ ಫೋಟೋಕ್ಕೆಂದು ಮುಂಗೋಡೆಗೆ ಈಗಲೇ ಬಣ್ಣ ಹೊಡೆಸುತ್ತೇವೆ ಎನ್ನುತ್ತಾರೆ. ಒಪ್ಪಬಹುದೇ?

ಉತ್ತರ: ಆಗುವ ಮಾತೇ. ಆದರೆ ಬಿಲ್ಡರ್ ‘ಮುಂಗೋಡೆ’ ಎಂದಾಗ ಎಷ್ಟು ಆಳದವರೆಗಿನ ಮುಂಗೋಡೆ ಎಂದು ನೀವು ಮರುಪ್ರಶ್ನೆ ಹಾಕಬೇಕು. ಚದರ ಅಡಿಯ ಲೆಕ್ಕ ಬರುವ ಮೊದಲು ನಮ್ಮ ಸೀಮೆಯಲ್ಲಿ ಮನೆಯನ್ನು ಅಂಕಣದಲ್ಲಿ ಅಳೆಯುತ್ತಿದ್ದರು. ಎರಡು ತೊಲೆಗಳ ನಡುವಿನ ಜಾಗ ಒಂದು ಅಂಕಣ. ಬೀದಿಯಿಂದ ಒಳಕ್ಕೆ ಒಂದು ಅಂಕಣವಾದರೂ, ಅಂದರೆ ಜಗಲಿ, ಪಡಸಾಲೆ ಮತ್ತು ಅವುಗಳ ಮೇಲಿನ ಕೋಣೆ, ತಮ್ಮ ತೊಲೆ ಜಂತೆಗಳ ಸಮೇತ ಉಳಿಯುವುದಾದರೆ ಈ ಯೋಜನೆಯನ್ನು ಮುಂದುವರಿಸಿ ಎನ್ನುತ್ತೇನೆ. ಒಂದೂವರೆ ಅಡಿ ದಪ್ಪದ ಗೋಡೆಯೊಂದೇ ಉಳಿದು ಅದರ ಹಿಂದೆ ಹೊಸ ಕಾಂಕ್ರೀಟು ಬಂದು ಅಂಟಿಕೊಳ್ಳುವುದಾದರೆ, ಅಷ್ಟು ಖರ್ಚು ಮತ್ತು ಅಪಾಯವನ್ನು ಮೈಮೇಲೆ ಎಳೆದುಕೊಳ್ಳಬೇಡಿ ಎನ್ನುತ್ತೇನೆ. ಯಾಕೆಂದು ಮುಂದೆ ವಿವರಿಸುತ್ತೇನೆ. ಅದಕ್ಕೂ ಮೊದಲು ಟೇಪು ಹಿಡಿದು ನಿಮ್ಮ ಬೀದಿಯ ಅಗಲವನ್ನು ಅಳೆಯಿರಿ.

2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ 15 ಮೀಟರ್ ಅಥವಾ ಅದಕ್ಕೂ ಎತ್ತರದ ಕಟ್ಟಡವೆಲ್ಲವೂ ಬಹುಮಹಡಿ ಕಟ್ಟಡವೇ. 14 ಅಂತಸ್ತು ಎಂದರೆ ಸುಮಾರು 42ರಿಂದ 45 ಮೀಟರ್ ಆಗುತ್ತದೆ. ಅಂಥ ಕಟ್ಟಡ ನಿಂತಿರುವ ರಸ್ತೆ ಕನಿಷ್ಠ 12 ಮೀಟರ್, ಅಂದರೆ ಹತ್ತಿರಹತ್ತಿರ 40 ಅಡಿ ಅಗಲವಿರಬೇಕು ಮತ್ತು ಅಗ್ನಿಶಾಮಕ ವಾಹನ ತಿರುಗಾಡಲು ಕಟ್ಟಡದ ಸುತ್ತ 6 ಮೀಟರ್ ತೆರವು ಇರಬೇಕು ಎಂದು ಆ ಸಂಹಿತೆ ಹೇಳುತ್ತದೆ. ಕೊನೆಯ ಮಾತು ಸ್ಥಳೀಯ ಕಟ್ಟಡ ನಿಯಮಗಳದ್ದೇ ಆದರೂ ಬೆಂಕಿ ಆರಿಸುವ ಗಾಡಿಯ ಗಾತ್ರ ಊರಿಂದೂರಿಗೆ ಬದಲಾಗುವುದಿಲ್ಲ. ಎತ್ತಿನ ಗಾಡಿಗಳು ಎದುರುಬದುರು ಹಾಯಲು ಸಾಕಾಗುವಷ್ಟು ಅಗಲ ಬಿಟ್ಟು ಬೆಳೆದ ಹಳೇ ಪೇಟೆಯ ಬೀದಿಗಳಲ್ಲಿ 40 ಅಡಿ ಸಿಗುವುದು ಅಪರೂಪ. ನಿಮ್ಮ ಗೋದಾಮಿನ ಜಾಗ ಹಿಂದಿನ ದೊಡ್ಡ ರಸ್ತೆಗೆ ತೆರೆದುಕೊಂಡಿದ್ದರೆ ಗೋಪುರದ ಮುಖ್ಯ ಪ್ರವೇಶ ಅಲ್ಲಿಂದಲೇ ಆಗಬೇಕಾಗುತ್ತದೆ ಮತ್ತು ಗೋಪುರವೂ ಆ ಕಡೆಗೇ ಸರಿಯಬೇಕಾಗುತ್ತದೆ. ಹಾಗೆ ಸರಿದರೆ ಹಳೆಯ ಮನೆಯ ಮುಂದಿನ ಅಂಕಣಗಳನ್ನು ಕೆಡವುವ ಕಾರಣವೇ ಉಳಿಯುವುದಿಲ್ಲ. ತೆರವಿನ ನಿಯಮವೇ ನಿಮ್ಮ ಪರವಾಗಿ ವಾದಿಸುತ್ತದೆ ಎಂದುಕೊಳ್ಳಿ.

ಇದೇ ಓಡಾಟದಲ್ಲಿ ದಾವಣಗೆರೆ–ಹರಿಹರ ನಗರಾಭಿವೃದ್ಧಿ ಪ್ರಾಧಿಕಾರ ಮತ್ತು ಮಹಾನಗರ ಪಾಲಿಕೆಗಳಲ್ಲಿ ಇನ್ನೊಂದನ್ನು ವಿಚಾರಿಸಿ: ಊರಿನ ಮಹಾಯೋಜನೆಯಲ್ಲಿ (ಮಾಸ್ಟರ್ ಪ್ಲಾನ್) ನಿಮ್ಮ ಬೀದಿಗೆ ಅಗಲೀಕರಣದ ಗುರುತು ಬಿದ್ದಿದೆಯೇ? ಹಳೆಯ ಮನೆಗಳು ಬೀದಿಯ ಅಂಚಿಗೇ ನಿಂತಿರುವುದರಿಂದ ಹತ್ತಡಿ ಅಗಲೀಕರಣವಾದರೂ ಮೊದಲು ಹೋಗುವುದು ನೀವು ಉಳಿಸಲು ಹೊರಟಿರುವ ಆ ಮುಂಗೋಡೆಯೇ. ಈ ಪ್ರಶ್ನೆಗೆ ಅವರ ಉತ್ತರ ಬರಹದಲ್ಲಿ ಕೈಗೆ ಸಿಗುವವರೆಗೆ ಮಿಕ್ಕ ಮಾತೆಲ್ಲ ವ್ಯರ್ಥ. (ನಿಮ್ಮ ನೆಂಟರಿಷ್ಟರಲ್ಲಿ ಯಾರಿಗಾದರೂ ಚಿತ್ರದುರ್ಗದಲ್ಲಿ ಇಂಥದೇ ಮನೆಯಿದ್ದರೆ ಅವರ ಲೆಕ್ಕ ಬೇರೆ. ಕೋಟೆ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. 2010ರಲ್ಲಿ ತಿದ್ದುಪಡಿಯಾದ ಕಾಯ್ದೆಯಂತೆ ಸಂರಕ್ಷಿತ ಸ್ಮಾರಕದ ಎಲ್ಲೆಯಿಂದ 100 ಮೀಟರ್‌ವರೆಗೆ ಹೊಸ ಕಟ್ಟಡಕ್ಕೆ ನಿಷೇಧವಿದೆ, ಅದರಾಚೆಯ 200 ಮೀಟರ್‌ನಲ್ಲಿ ಅನುಮತಿಯಿಲ್ಲದೆ ಕಟ್ಟುವಂತಿಲ್ಲ.)

ಇನ್ನು ನ್ಯೂಯಾರ್ಕಿನ ಚಿತ್ರ. ವಸತಿ ಗೋಪುರವೆಂದರೆ ಅದು ಬಹುಶಃ 57ನೇ ಬೀದಿಯ ಸ್ಟೈನ್‌ವೇ ಗೋಪುರವಿರಬೇಕು. 435 ಮೀಟರ್ ಎತ್ತರದ, 84 ಅಂತಸ್ತಿನ ಆ ಗೋಪುರದ ಅಗಲ ಸುಮಾರು 18 ಮೀಟರ್ ಮಾತ್ರ. ಅದರ ಬುಡದಲ್ಲಿ ಪಿಯಾನೊ ಕಂಪನಿಯೊಂದು 1925ರಲ್ಲಿ ಕಟ್ಟಿಸಿದ 16 ಅಂತಸ್ತಿನ ಕಟ್ಟಡವಿದೆ. ಚಿತ್ರದಲ್ಲಿ ಕಾಣದ ಸಂಗತಿಯೆಂದರೆ ಅಲ್ಲಿ ಉಳಿದಿರುವುದು ಬರಿಯ ಮುಂಗೋಡೆಯಲ್ಲ. ಕಟ್ಟಡವೇ ಉಳಿದಿದೆ, ನೆಲ ಅಂತಸ್ತಿನ ಗುಮ್ಮಟದ ಸಭಾಂಗಣಕ್ಕೂ ಪ್ರತ್ಯೇಕ ರಕ್ಷಣೆಯಿದೆ. ಒಟ್ಟು 60 ಮನೆಗಳಲ್ಲಿ 14 ಮನೆಗಳು ಹಳೆಯ ಕಟ್ಟಡದೊಳಗೇ ಇವೆ. ಚಿತ್ರ ಅದೇ ಆಗಿದ್ದರೆ ನೀವೂ ಬಿಲ್ಡರ್‌ಗೆ ಹಾಗೆಯೇ ಕೇಳಬಹುದು: ನಮ್ಮ ಹಳೆಯ ಮನೆಯೊಳಗೆ ಎಷ್ಟು ಫ್ಲ್ಯಾಟು ಕೊಡುತ್ತೀರಿ?

ಅದೇ ಊರಿನ ಹರ್ಸ್ಟ್ ಗೋಪುರದ ಚಿತ್ರವಾಗಿದ್ದರೆ ಅದು ಕಚೇರಿ ಕಟ್ಟಡ. 1928ರ ಆರು ಅಂತಸ್ತಿನ ಕಲ್ಲುಕಟ್ಟಡದ ಒಳಗನ್ನೆಲ್ಲ ತೆಗೆದು, ಹೊರಗೋಡೆಗಳನ್ನಷ್ಟೇ ಉಳಿಸಿಕೊಂಡು, 2006ರಲ್ಲಿ 46 ಅಂತಸ್ತಿನ ಉಕ್ಕಿನ ಗೋಪುರವನ್ನು ಮುಗಿಸಿದರು. ಆದರೆ ಆ ಹಳೆಯ ಕಟ್ಟಡವನ್ನು ಕಟ್ಟಿದ್ದೇ ಮುಂದೊಂದು ದಿನ ಮೇಲೆ ಗೋಪುರ ಬರಲಿ ಎಂಬ ಉದ್ದೇಶದಿಂದ. ನಿಮ್ಮ ಮುತ್ತಜ್ಜ ಪಾಯ ಹಾಕಿಸುವಾಗ ಅವರ ಮನಸ್ಸಿನಲ್ಲಿ ಇದ್ದದ್ದು ಹತ್ತಿ ಅಂಡಿಗೆಗಳ ಭಾರವೇ ಹೊರತು ಹದಿನಾಲ್ಕು ಅಂತಸ್ತಲ್ಲ. ನಿಮಗೆ ಹೆಚ್ಚು ಹತ್ತಿರವಾಗುವ ಉದಾಹರಣೆ ಟೊರೊಂಟೊದ ಸೇಂಟ್ ಜೋಸೆಫ್ ಬೀದಿಯದು. ಅಲ್ಲಿ ಸಾಗಾಣಿಕೆ ಕಂಪನಿಯೊಂದರ ಹಳೆಯ ಗೋದಾಮಿನ ಇಟ್ಟಿಗೆ ಮುಂಗೋಡೆಯನ್ನು ಉಕ್ಕಿನ ಚೌಕಟ್ಟಿನಿಂದ ಹಿಡಿದು ನಿಲ್ಲಿಸಿಕೊಂಡು, ಹಿಂದಿನ ನೆಲವನ್ನು ಆಳಕ್ಕೆ ಅಗೆದು, 48 ಅಂತಸ್ತಿನ ವಸತಿ ಗೋಪುರ ಎಬ್ಬಿಸಿದರು. ಕೆಲಸ ಅಚ್ಚುಕಟ್ಟಾದದ್ದು, ಆದರೆ ಅಗ್ಗದ್ದಲ್ಲ.

ಯಾಕೆ ಅಗ್ಗವಲ್ಲ ಎಂಬುದು ನಿಮ್ಮ ಗೋಡೆ ಹೇಗೆ ನಿಂತಿದೆ ಎಂಬುದನ್ನು ನೋಡಿದರೆ ತಿಳಿಯುತ್ತದೆ. ಒಮ್ಮೆ ಮೇಲಂತಸ್ತಿನ ಕೋಣೆಗೆ ಹೋಗಿ ತೊಲೆಯ ತುದಿ ಗೋಡೆಯೊಳಕ್ಕೆ ಹೊಗುವ ಜಾಗವನ್ನು ಟಾರ್ಚು ಹಿಡಿದು ನೋಡಿ. ಸಾಗುವಾನಿಯ ತೊಲೆ ಗೋಡೆಯೊಳಗೆ ಮುಕ್ಕಾಲಡಿಯಷ್ಟು ಕೂತಿರುತ್ತದೆ. ಅದರ ಮೇಲೆ ಜಂತೆಗಳು, ಜಂತೆಗಳ ಮೇಲೆ ಇಟ್ಟಿಗೆ ಮತ್ತು ಗಾರೆ. ಗೋಡೆ ತೊಲೆಯನ್ನು ಹೊತ್ತಿದೆ ಎಂದು ನಾವು ಹೇಳುತ್ತೇವೆ. ತೊಲೆಯೂ ಗೋಡೆಯನ್ನು ಹಿಡಿದಿದೆ. ಗೋಡೆ ಬೀದಿಗೆ ವಾಲದಂತೆ ಪ್ರತಿ ಅಂತಸ್ತಿನಲ್ಲೂ ಒಳಕ್ಕೆ ಎಳೆದುಕೊಂಡು ನಿಂತಿರುವುದು ಆ ತೊಲೆಗಳು ಮತ್ತು ಅಡ್ಡಗೋಡೆಗಳೇ. ನಿಮ್ಮ ಮುಂಗೋಡೆ 26 ಅಡಿ ಎತ್ತರ, 18 ಇಂಚು ದಪ್ಪ ಎಂದಿಟ್ಟುಕೊಂಡರೆ ಎತ್ತರವು ದಪ್ಪದ ಹದಿನೇಳು ಪಟ್ಟಿಗಿಂತ ಹೆಚ್ಚಾಯಿತು. ಯಾವ ಆಸರೆಯೂ ಇಲ್ಲದೆ ಒಂಟಿಯಾಗಿ ನಿಲ್ಲುವ ಗೋಡೆಗೆ, ಗಾಳಿಯ ಒತ್ತಡ ತೀರ ಕಡಿಮೆಯಿರುವ ಕಡೆಯಲ್ಲೂ, ಇಟ್ಟಿಗೆ ಕಲ್ಲಿನ ಗೋಡೆಗಳ ಕುರಿತ ಭಾರತೀಯ ಮಾನಕ ‘ಐಎಸ್ 1905’ ಹತ್ತು ಪಟ್ಟಿನ ಮಿತಿ ಹಾಕುತ್ತದೆ. ತೊಲೆಗಳನ್ನು ಬಿಚ್ಚಿದ ಮರುದಿನ ಒಂದು ಜೋರು ಮುಂಗಾರು ಪೂರ್ವ ಗಾಳಿಮಳೆ ಬಂದರೆ ಏನಾಗಬಹುದೆಂಬುದನ್ನು ಇದರಿಂದ ಊಹಿಸಿಕೊಳ್ಳಿ. ನಲವತ್ತಡಿ ಉದ್ದದ ಅಂಥ ಗೋಡೆ, ಕಿಟಕಿ ಬಾಗಿಲುಗಳನ್ನು ಕಳೆದ ಮೇಲೂ, ಸುಮಾರು 60 ಟನ್ ತೂಗುತ್ತದೆ. ಅದರ ಪಕ್ಕದಲ್ಲಿ ಜನ ಓಡಾಡುವ ಬೀದಿಯಿದೆ.

ಆದ್ದರಿಂದ ಕೆಡವುವ ಮೊದಲೇ ಉಕ್ಕಿನ ಆಸರೆಯ ಚೌಕಟ್ಟು ನಿಲ್ಲಬೇಕು, ಆಮೇಲಲ್ಲ. ಗೋಡೆಯ ಒಳಗೂ ಹೊರಗೂ ಅಡ್ಡ ಉಕ್ಕಿನ ಪಟ್ಟಿಗಳನ್ನಿಟ್ಟು, ಕಿಟಕಿಗಳ ಮೂಲಕ ಅವೆರಡನ್ನೂ ಬೋಲ್ಟಿನಿಂದ ಕಟ್ಟಿ, ಉಕ್ಕು ಗಾರೆಗೆ ನೇರವಾಗಿ ತಾಗದಂತೆ ನಡುವೆ ಮರ ಮತ್ತು ಮೆತ್ತೆ ಕೊಡುತ್ತಾರೆ. ಚೌಕಟ್ಟು ಉರುಳದಂತೆ ಅದರ ಬುಡದಲ್ಲಿ ಕಾಂಕ್ರೀಟು ದಿಮ್ಮಿಗಳ ಭಾರ ಹೇರುತ್ತಾರೆ. ಕಮಾನುಗಳ ಹೊಟ್ಟೆಯನ್ನು ಮರದ ಅಚ್ಚಿನಿಂದ ತುಂಬುತ್ತಾರೆ. ಈ ಚೌಕಟ್ಟು ಬೀದಿಯ ಜಾಗವನ್ನು ಆಕ್ರಮಿಸುತ್ತದೆ, ಒಂದೆರಡು ವರ್ಷ ಅಲ್ಲೇ ಇರುತ್ತದೆ. ಪಾಲಿಕೆಯ ಒಪ್ಪಿಗೆ ಮತ್ತು ಎದುರಂಗಡಿಯವರ ಸಹನೆ ಎರಡೂ ಬೇಕು, ಎರಡನೆಯದೇ ಕಷ್ಟ. ಒಂದು ಅಂಕಣವನ್ನು ಉಳಿಸಿಕೊಂಡರೆ ಈ ಖರ್ಚಿನ ಬಹುಪಾಲು ತಪ್ಪುತ್ತದೆ ಎಂಬುದನ್ನು ಗಮನಿಸಿ. ತೊಲೆಗಳು ಮತ್ತು ಅಡ್ಡಗೋಡೆಗಳು ತಮ್ಮ ಕೆಲಸವನ್ನು ಮುಂದುವರಿಸುತ್ತವೆ. ಆಸರೆ ಬೇಕಾಗುವುದು ಹಿಂದೆ ಕತ್ತರಿಸಿದ ಅಂಚಿಗೆ ಮಾತ್ರ. ಆಳ ಉಳಿಸಿ ಎಂದು ನಾನು ಹೇಳುವುದು ಅಂದಕ್ಕಾಗಿ ಮಾತ್ರವಲ್ಲ, ಲೆಕ್ಕವೂ ಹಾಗೆಯೇ ಹೇಳುತ್ತದೆ.

ಗೋಡೆಗಿಂತ ಹೆಚ್ಚು ನಿದ್ದೆ ಕೆಡಿಸುವುದು ನೆಲ. ನಿಮ್ಮ ನಿವೇಶನದಲ್ಲಿ ಎರೆ ಮಣ್ಣಿದ್ದರೆ ಅದು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುತ್ತದೆ. ಎಂಬತ್ತಕ್ಕೂ ಹೆಚ್ಚು ವರ್ಷ ಈ ಉಸಿರಾಟಕ್ಕೆ ಒಗ್ಗಿಕೊಂಡು ನಿಂತ ಕಲ್ಲಿನ ಪಾಯದ ಪಕ್ಕದಲ್ಲೇ ಕಾರುಗಳಿಗಾಗಿ ಎರಡು ನೆಲಮಾಳಿಗೆ ತೋಡಿದರೆ ಮಣ್ಣು ಗುಂಡಿಯ ಕಡೆಗೆ ಸರಿಯುತ್ತದೆ, ಪಾಯ ಅದರ ಹಿಂದೆಯೇ ಹೋಗುತ್ತದೆ. ಹೊಡೆದು ಇಳಿಸುವ ಪೈಲು (ನೆಲದಾಳಕ್ಕೆ ಹೋಗುವ ಪಾಯದ ಕಂಬ) ಬೇಡವೇ ಬೇಡ. ಕೊರೆದು ಹಾಕುವ ಪೈಲನ್ನೇ ಬಳಸಬೇಕು. ಗುಂಡಿಯ ಅಂಚಿಗೆ ಪೈಲುಗಳನ್ನು ಒತ್ತಾಗಿ ಸಾಲು ಹಾಕಿ ತಡೆಗೋಡೆ ಕಟ್ಟಿದ ಮೇಲೆಯೇ ಅಗೆತ ಶುರುವಾಗಬೇಕು. ಹಳೆಯ ಪಾಯದ ಕೆಳಗೆ ಹೊಸ ಪಾಯ ಕೊಡಬೇಕಾಗಿ ಬಂದರೆ ಒಂದೊಂದು ಮೀಟರಿನ ತುಂಡುಗಳಾಗಿ, ಒಂದು ಬಿಟ್ಟು ಒಂದರಂತೆ ತೋಡಿ ತುಂಬಬೇಕು. ಅವಸರಕ್ಕೆ ಪಕ್ಕಪಕ್ಕದ ಎರಡು ತುಂಡುಗಳನ್ನು ಒಟ್ಟಿಗೆ ತೋಡಿದರೆ ಅಲ್ಲಿಗೆ ಮುಗಿಯಿತು.

ಗೋಡೆ ಅಲುಗುತ್ತಿದೆಯೇ ಎಂದು ತಿಳಿಯಲು ಈಗ ಮಿಲಿಮೀಟರ್ ತೋರಿಸುವ ಉಪಕರಣಗಳಿವೆ, ಅವು ಇರಲೇಬೇಕು. ಆದರೆ ಹಳೆಯ ಗೌಂಡಿಗಳ ಒಂದು ಉಪಾಯವನ್ನು ನಾನು ಇಂದಿಗೂ ಬಿಟ್ಟಿಲ್ಲ. ಬಿರುಕಿಗೆ ಅಡ್ಡವಾಗಿ ತೆಳುವಾದ ಗಾಜಿನ ಪಟ್ಟಿಯನ್ನಿಟ್ಟು ಎರಡೂ ತುದಿಗಳನ್ನು ಪ್ಲಾಸ್ಟರ್ ಆಫ್ ಪ್ಯಾರಿಸ್‌ನಿಂದ ಕೂರಿಸಿ ತಾರೀಖು ಬರೆಯುವುದು. ಗೋಡೆ ಕೂದಲೆಳೆಯಷ್ಟು ಕದಲಿದರೂ ಗಾಜು ಒಡೆಯುತ್ತದೆ. ಅದನ್ನು ಓದಲು ಎಂಜಿನಿಯರ್ ಬೇಕಾಗಿಲ್ಲ. ಬೆಳಿಗ್ಗೆ ಹಾಲು ತರಲು ಹೋಗುವ ನೀವೇ ನೋಡಿ ಕೆಲಸ ನಿಲ್ಲಿಸಬಹುದು.

ಹೊಸ ಕಟ್ಟಡ ಎದ್ದ ಮೇಲೂ ಸಮಸ್ಯೆ ಮುಗಿಯುವುದಿಲ್ಲ. ಹಳೆಯ ಗೋಡೆ ಕುಸಿಯಬೇಕಾದಷ್ಟು ಎಂದೋ ಕುಸಿದು ನೆಲೆ ನಿಂತಿದೆ. ಹೊಸ ಕಾಂಕ್ರೀಟು ಒಣಗಿ ಕುಗ್ಗುತ್ತದೆ, ಭಾರ ಏರಿದಂತೆ ವರ್ಷಗಟ್ಟಲೆ ಇಷ್ಟಿಷ್ಟೇ ಗಿಡ್ಡವಾಗುತ್ತದೆ, ಅದರ ಪಾಯವೂ ಕೆಲವು ಮಿಲಿಮೀಟರಿನಿಂದ ಒಂದೆರಡು ಸೆಂಟಿಮೀಟರಿನವರೆಗೆ ಇಳಿಯುತ್ತದೆ. ಇವೆರಡನ್ನೂ ಗಟ್ಟಿಯಾಗಿ ಬೆಸೆದರೆ ಹೊಸದು ಹಳೆಯದನ್ನು ಕೆಳಕ್ಕೆ ಎಳೆದು ಸೀಳುತ್ತದೆ. ಹೀಗಾಗಿ ನಡುವೆ ಸಂದು ಬಿಟ್ಟು, ಗೋಡೆ ಹೊರಕ್ಕೆ ವಾಲದಂತೆ ಹಿಡಿಯುವ, ಆದರೆ ಮೇಲೆ ಕೆಳಗೆ ಜಾರಲು ಎಡೆಕೊಡುವ ಉದ್ದ ತೂತಿನ ತುಕ್ಕುರಹಿತ ಉಕ್ಕಿನ ಕೊಂಡಿಗಳನ್ನು ಹಾಕಬೇಕು. ನಿಮ್ಮ ಬಿಲ್ಡರ್‌ನ ಎಂಜಿನಿಯರ್ ಈ ಕೊಂಡಿಯ ನಕ್ಷೆಯನ್ನು ತೋರಿಸಬಲ್ಲರೇ ಎಂಬುದು ಅವರನ್ನು ಅಳೆಯಲು ಒಳ್ಳೆಯ ಒರೆಗಲ್ಲು. ‘ಅದೆಲ್ಲ ಸೈಟಿನಲ್ಲಿ ನೋಡಿಕೊಳ್ಳೋಣ’ ಎಂದರೆ ನಮಸ್ಕಾರ ಹೇಳಿ ಎದ್ದು ಬನ್ನಿ.

ಈಗ ಕಿಟಕಿಗಳು. ನಿಮ್ಮ ಮನೆಯ ಅಂತಸ್ತು ಹದಿಮೂರು ಹದಿನಾಲ್ಕು ಅಡಿ ಎತ್ತರವಿದ್ದೀತು. ಫ್ಲ್ಯಾಟಿನ ಅಂತಸ್ತು ಹತ್ತಡಿ. ಹೊಸ ಅಂತಸ್ತುಗಳು ಗೋಡೆಯವರೆಗೂ ಬಂದರೆ ಎರಡನೆಯ ಚಪ್ಪಡಿ ಮೇಲಿನ ಕಮಾನು ಕಿಟಕಿಯ ನಡುಮಧ್ಯೆ ಹಾಯುತ್ತದೆ. ಬೀದಿಯಲ್ಲಿ ನಿಂತು ರಾತ್ರಿ ನೋಡಿದರೆ ಒಂದೇ ಕಿಟಕಿಯ ಕೆಳಭಾಗದಲ್ಲಿ ಒಬ್ಬರ ಮನೆಯ ಟ್ಯೂಬ್‌ಲೈಟು, ಮೇಲ್ಭಾಗದಲ್ಲಿ ಇನ್ನೊಬ್ಬರ ಮನೆಯ ನೆಲ. ಇದಕ್ಕಿಂತಲೂ ಸಾಮಾನ್ಯವಾದ ಇನ್ನೊಂದು ಪರಿಹಾರವಿದೆ, ಕೆಳಗಿನ ಅಂತಸ್ತುಗಳನ್ನೆಲ್ಲ ಪಾರ್ಕಿಂಗ್‌ಗೆ ಬಿಡುವುದು. ಆಗ ನಿಮ್ಮ ಮುತ್ತಜ್ಜಿ ಸಂಜೆ ಕೂರುತ್ತಿದ್ದ ಕಿಟಕಿಯಲ್ಲಿ ಕಾರಿನ ಬಂಪರ್ ಕಾಣುತ್ತದೆ. ಪಾರ್ಕಿಂಗನ್ನು ನಾನು ಎಲ್ಲ ಕಡೆಯೂ ವಿರೋಧಿಸುವುದಿಲ್ಲ. ಜರ್ಮನಿಯ ಹ್ಯಾಂಬರ್ಗಿನಲ್ಲಿ ಕೋಕೊ, ಚಹಾ, ತಂಬಾಕು ತುಂಬಿಡುತ್ತಿದ್ದ 1960ರ ದಶಕದ ಬಂದರು ಉಗ್ರಾಣದ ಇಟ್ಟಿಗೆ ಗೋಡೆಗಳನ್ನು ಉಳಿಸಿ, ಒಳಗೆ ಪಾರ್ಕಿಂಗ್ ಮಾಡಿ, ಮೇಲೆ ಸಂಗೀತ ಭವನ, ಹೋಟೆಲು ಮತ್ತು 45 ಮನೆಗಳಿರುವ ಗಾಜಿನ ಕಟ್ಟಡವನ್ನು ಏರಿಸಿ 2017ರಲ್ಲಿ ತೆರೆದರು. ಉಗ್ರಾಣದ ಗೋಡೆಯಲ್ಲಿದ್ದದ್ದು ಸಣ್ಣ ಸಣ್ಣ ಕಿಂಡಿಗಳು, ಹಿಂದೆ ಚೀಲವಿದ್ದರೂ ಒಂದೇ ಕಾರಿದ್ದರೂ ಒಂದೇ. ಆ ಲೆಕ್ಕದಲ್ಲಿ, ಹತ್ತಿ ಗಿರಣಿಗಳ ಊರಾದ ದಾವಣಗೆರೆಯಲ್ಲಿ ಇಂಥ ಯೋಜನೆಗೆ ಮನೆಯ ಮುಂಗೋಡೆಗಿಂತ ಗಿರಣಿಯ ಗೋದಾಮಿನ ಕುರುಡು ಗೋಡೆಯೇ ಹೆಚ್ಚು ಹೊಂದುತ್ತದೆ. ನಿಮ್ಮ ಹಿಂಬದಿಯ ಗೋದಾಮಿನ ಗೋಡೆಯನ್ನು ಯಾರೂ ಉಳಿಸುವ ಮಾತಾಡುತ್ತಿಲ್ಲ ಎಂಬುದನ್ನೂ ಗಮನಿಸಿದ್ದೇನೆ. ಕಾರುಗಳನ್ನು ಅಲ್ಲಿಗೆ ಕಳಿಸಿ ಮನೆಯ ಕಿಟಕಿಗಳನ್ನು ಮನುಷ್ಯರಿಗೆ ಬಿಡುವ ಒಂದು ನಕ್ಷೆಯನ್ನು ಮಾಡಿಸಿ ನೋಡಿ.

ನಕ್ಷೆ ಕೇಳುವಾಗ ಮುಂದಿನಿಂದ ಕಾಣುವ ಬಣ್ಣದ ಚಿತ್ರವನ್ನು ಪಕ್ಕಕ್ಕಿಟ್ಟು, ಕಟ್ಟಡವನ್ನು ಬೀದಿಯಿಂದ ಹಿಂಬದಿಯವರೆಗೆ ಸೀಳಿ ತೋರಿಸುವ ನಕ್ಷೆಯನ್ನು ಕೇಳಿ. ಹಳೆಯ ಪ್ರತಿ ಕಿಟಕಿಯ ಹಿಂದೆ ಏನಿದೆ, ಗೋಪುರ ಬೀದಿಯಿಂದ ಎಷ್ಟು ಅಡಿ ಹಿಂದೆ ಏಳುತ್ತದೆ ಎಂಬೆರಡೂ ಅದರಲ್ಲಿ ಬಚ್ಚಿಡಲಾಗದಂತೆ ಕಾಣುತ್ತವೆ.

ಒಪ್ಪಂದದ ವಿಷಯವನ್ನು ವಕೀಲರಿಗೆ ಬಿಡುತ್ತೇನೆ, ಆದರೂ ಎರಡು ಮಾತು. ನಿಮ್ಮ ಒಪ್ಪಂದಪತ್ರದಲ್ಲಿ ‘ಮುಂಗೋಡೆಯನ್ನು ಸಾಧ್ಯವಾದಷ್ಟು ಉಳಿಸತಕ್ಕದ್ದು’ ಎಂಬ ವಾಕ್ಯವಿದ್ದರೆ ‘ಸಾಧ್ಯವಾದಷ್ಟು’ ಎಂಬುದನ್ನು ಹೊಡೆದುಹಾಕಿಸಿ, ಅಳತೆಯ ನಕ್ಷೆ ಮತ್ತು ಫೋಟೋಗಳನ್ನು ಅದಕ್ಕೆ ಲಗತ್ತಿಸಿ. ಗೋಡೆ ಬಿದ್ದರೆ ಮುಟ್ಟುಗೋಲಾಗುವಂಥ ಬ್ಯಾಂಕ್ ಗ್ಯಾರಂಟಿಯನ್ನು ಕೇಳಿ. ಕೆಲಸದ ನಡುವೆ ‘ಆಕಸ್ಮಿಕವಾಗಿ’ ಬಿದ್ದುಹೋದ ಮುಂಗೋಡೆಗಳನ್ನು ನಾನು ಬೇಕಾದಷ್ಟು ಕಂಡಿದ್ದೇನೆ. 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯ ಪ್ರಕಾರ ಮಂಜೂರಾದ ನಕ್ಷೆಯನ್ನು ಆಮೇಲೆ ಬದಲಿಸಲು ಫ್ಲ್ಯಾಟು ಪಡೆದವರ ಮೂರನೇ ಎರಡರಷ್ಟು ಜನರ ಒಪ್ಪಿಗೆ ಬೇಕು, ಕಟ್ಟಡದ ರಚನಾದೋಷಗಳಿಗೆ ಐದು ವರ್ಷ ಹೊಣೆಯಿದೆ. ಆದ್ದರಿಂದ ಉಳಿಸುವ ಭಾಗವೆಲ್ಲ ಮಂಜೂರಾತಿಯ ನಕ್ಷೆಯಲ್ಲೇ ನಮೂದಾಗಿರಲಿ. ಜಂಟಿ ಅಭಿವೃದ್ಧಿಯಲ್ಲಿ ಜಾಗದ ಮಾಲೀಕರನ್ನೂ ಪ್ರವರ್ತಕರೆಂದು, ಅಂದರೆ ಬಿಲ್ಡರ್‌ನಂತೆಯೇ ಹೊಣೆಯುಳ್ಳವರೆಂದು, ಎಣಿಸುವುದುಂಟು, ಐವರು ಪಾಲುದಾರರೂ ಇದನ್ನು ತಿಳಿದೇ ಸಹಿ ಹಾಕಬೇಕು. ಮುಂದೆ ಗೋಡೆಯ ಪಾಲನೆ ಅಪಾರ್ಟ್‌ಮೆಂಟ್ ಸಂಘದ ತಲೆಗೆ ಬರುತ್ತದೆ. ಹನ್ನೆರಡನೇ ಅಂತಸ್ತಿನವರು ನಿಮ್ಮ ಮುತ್ತಜ್ಜನ ಕಮಾನಿಗೆ ಯಾಕೆ ದುಡ್ಡು ಕೊಡಬೇಕು ಎಂದು ಮೊದಲ ಸಭೆಯಲ್ಲೇ ಕೇಳುತ್ತಾರೆ, ಅದಕ್ಕೆ ಉತ್ತರ ಕ್ರಯಪತ್ರದಲ್ಲೇ ಇರಬೇಕು.

ಕೊನೆಗೆ ಬಣ್ಣದ ಪ್ರಶ್ನೆ. ಒಪ್ಪಬೇಡಿ. ಒಂದು ಚೊಂಬು ನೀರು ತೆಗೆದುಕೊಂಡು ಗೋಡೆಯ ಬಣ್ಣವಿಲ್ಲದ ಒಂದು ಮೂಲೆಗೆ ಚಿಮುಕಿಸಿ ನೋಡಿ. ಅದು ಗಾರೆಯೇ ಆಗಿದ್ದರೆ ನೀರು ನೋಡನೋಡುತ್ತ ಇಂಗುತ್ತದೆ, ಸಿಮೆಂಟಾಗಿದ್ದರೆ ಹರಿದು ಕೆಳಗಿಳಿಯುತ್ತದೆ. ಪಾಯದಿಂದ ಏರುವ ತೇವವನ್ನು ಹಳೆಯ ಗೋಡೆ ಹೊರಬಿಡುವುದು ಆ ಗಾರೆಯ ಮೂಲಕವೇ. ಅದರ ಮೇಲೆ ಪ್ಲಾಸ್ಟಿಕ್‌ನಂತೆ ಮುಚ್ಚುವ ಎಮಲ್ಷನ್ ಬಳಿದರೆ ಅಥವಾ ಸಿಮೆಂಟು ಗಿಲಾವು ಕೊಟ್ಟರೆ ತೇವ ಒಳಗೇ ಉಳಿಯುತ್ತದೆ, ಅದರಲ್ಲಿರುವ ಉಪ್ಪು ಹರಳುಗಟ್ಟಿ ಇಟ್ಟಿಗೆಯನ್ನು ಒಳಗಿನಿಂದಲೇ ಒಡೆಯುತ್ತದೆ. ಇದೇ ಸೀಮೆಯ ಒಂದು ಮನೆಗೆ, ಮದುವೆಯ ಅವಸರದಲ್ಲಿ, ಮುಂಗೋಡೆಗೆಲ್ಲ ಸಿಮೆಂಟು ಮೆತ್ತಿಸಿದ್ದರು. ಮೂರು ಮಳೆಗಾಲ ಕಳೆದ ಮೇಲೆ ನಾನು ಹೋಗಿ ಬೆರಳಿನಿಂದ ತಟ್ಟಿದಾಗ ಟೊಳ್ಳು ಸದ್ದು ಬಂತು. ಒಂದು ಹೆಕ್ಕಳ ಎಬ್ಬಿಸಿದರೆ ಹಿಂದಿನ ಇಟ್ಟಿಗೆ ಅಂಗೈಯಲ್ಲಿ ಕೆಂಪು ಪುಡಿಯಾಗಿ ಉದುರಿತು. ಆ ಮನೆಯವರು ಮಾಡಿದ್ದು ಪ್ರೀತಿಯಿಂದಲೇ.

ಫೋಟೋ ತೆಗೆಯಲೇಬೇಕೆಂದಿದ್ದರೆ ಮೆತ್ತನೆಯ ಕುಂಚದಿಂದ ಧೂಳು ಒರೆಸಿ, ನೀರಲ್ಲಿ ನೆನೆಹಾಕಿ ಸೋಸಿದ ಸುಣ್ಣವನ್ನು ತೆಳುವಾಗಿ ಎರಡು ಸಲ ಬಳಿಸಿ. ಕಳಚಿದ ಕಡೆಗಳಿಗೆ ಸುಣ್ಣ, ಮರಳು, ಇಟ್ಟಿಗೆ ಪುಡಿ ಸೇರಿಸಿ ಅರೆದ ಗಾರೆಯನ್ನೇ ಹಾಕಿಸಿ. ಬೆಲ್ಲದ ನೀರು, ಅಳಲೆಕಾಯಿ ರಸ ಹಾಕಿ ಹದ ಮಾಡಬಲ್ಲ ಕೈಗಳು ಕಡಿಮೆಯಾಗಿದ್ದರೂ ಹುಡುಕಿದರೆ ಸಿಗುತ್ತವೆ. ನೆತ್ತಿಯ ಮೇಲಿನ 1938ರ ಅಂಕಿಗಳ ಅಂಚುಗಳು ಹಳೆಯ ಸುಣ್ಣದ ಪದರಗಳಲ್ಲಿ ಮುಚ್ಚಿಹೋಗಿರಬಹುದು, ಅವನ್ನು ಕೆರೆಯಲು ಕಬ್ಬಿಣ ಮುಟ್ಟಿಸದೆ ಬಿದಿರಿನ ಸೀಳನ್ನು ಬಳಸಲು ಹೇಳಿ. ಆ ಕೆಲಸವನ್ನು ಮಳೆ ಶುರುವಾಗುವ ಮೊದಲೇ ಮಾಡಿಸಿ, ಹಸಿ ಗಾರೆಗೆ ಒಂದು ವಾರ ಒದ್ದೆ ಗೋಣಿತಾಟು ಹೊದಿಸಿಡಿ.